ಫಲಕದಲ್ಲಿ ನೂರು, ಮೀಟರಿನಲ್ಲಿ ಇನ್ನೂರು

ಬೆಂಗಳೂರು–ಮೈಸೂರು ಹೆದ್ದಾರಿಯ ಅಂಚಿನ ಫಲಕಗಳು ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿಯನ್ನು ಸಾರುತ್ತಿದ್ದರೆ, ಅದೇ ರಸ್ತೆಯಲ್ಲಿ ಓಡುವ ಕಾರುಗಳ ಸ್ಪೀಡೋಮೀಟರಿನ ಅಂಕಿಗಳು 200ರವರೆಗೆ, ಕೆಲವುಗಳಲ್ಲಿ 220ರವರೆಗೆ ಸಾಗುತ್ತವೆ. ಎಡಗಡೆಯ ಲೇನಿನಲ್ಲಿ ಹೋಗುತ್ತಿರುವ ಹಳದಿ ಬೋರ್ಡಿನ ಟ್ಯಾಕ್ಸಿಯ ವೇಗವು 80ಕ್ಕೆ ಬಂದು ನಿಂತುಬಿಡುತ್ತದೆ. ಚಾಲಕ ಆಕ್ಸಿಲರೇಟರನ್ನು ಎಷ್ಟೇ ಒತ್ತಿದರೂ ಅದು ಮೇಲೇರುವುದಿಲ್ಲ. ಅದೇ ಕಂಪನಿಯ, ಅದೇ ಎಂಜಿನ್ನಿನ, ಅದೇ ಬಣ್ಣದ ಬಿಳಿ ಬೋರ್ಡಿನ ಕಾರು ಅದನ್ನು ನಿರಾಯಾಸವಾಗಿ ಹಿಂದಿಕ್ಕಿ ಮುಂದೆ ಸಾಗುತ್ತದೆ.

ಭಾರತದಲ್ಲಿ ವೇಗಮಿತಿಯ ಅಧಿಕಾರವು 1988ರ ಮೋಟಾರು ವಾಹನ ಕಾಯ್ದೆಯ 112ನೆಯ ಕಲಮಿನಿಂದ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಅಧಿಸೂಚನೆಯು ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಗಳಲ್ಲಿ 120, ನಡುವೆ ವಿಭಜಕವಿರುವ ಚತುಷ್ಪಥ ಹೆದ್ದಾರಿಗಳಲ್ಲಿ 100, ನಗರದ ಹಾಗೂ ಉಳಿದ ರಸ್ತೆಗಳಲ್ಲಿ 70 ಕಿ.ಮೀ. ಎಂದು ಗರಿಷ್ಠ ವೇಗವನ್ನು ನಿಗದಿಪಡಿಸಿತು. ಆದರೆ ಮಧ್ಯಮ ವರ್ಗದ ಕುಟುಂಬವೊಂದು ಕೊಳ್ಳುವ ಸಾಧಾರಣ ಹ್ಯಾಚ್‌ಬ್ಯಾಕ್ ಕಾರು ಕೂಡ 160 ಕಿ.ಮೀ. ವೇಗವನ್ನು ಮುಟ್ಟಬಲ್ಲದು. ಮಿತಿ ಮೀರಿದವರಿಗೆ ದಂಡ ಹಾಕುವ ಸರ್ಕಾರವೇ ಮಿತಿ ಮೀರಬಲ್ಲ ವಾಹನದ ಮಾದರಿಗೆ ಒಪ್ಪಿಗೆಯನ್ನೂ ಕೊಡುತ್ತದೆ ಎಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಇದಕ್ಕೆ ಒಂದು ಕಾರಣ ಎಂಜಿನ್ನಿನಲ್ಲಿದೆ, ಇನ್ನೊಂದು ಇತಿಹಾಸದಲ್ಲಿದೆ. ಮೊದಲನೆಯದನ್ನು ವಿವರಿಸಿ ಎರಡನೆಯದನ್ನು ಮರೆತುಬಿಡುವುದು ವಾಹನೋದ್ಯಮದ ಬಹುಕಾಲದ ವಾಡಿಕೆ.

ಏರಿಗೆ ಬೇಕಾದ ಬಲ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರು ಎರಡು ತಡೆಗಳನ್ನಷ್ಟೇ ಎದುರಿಸಬೇಕಾಗುತ್ತದೆ: ಒಂದು ಟೈರು ಉರುಳುವಾಗ ಉಂಟಾಗುವ ತಡೆ, ಇನ್ನೊಂದು ಎದುರಿನ ಗಾಳಿಯದು. ಒಂದು ಟನ್ನಿನ ಆಸುಪಾಸು ತೂಗುವ ಸಣ್ಣ ಕಾರಿನ ಆಕಾರ ಮತ್ತು ತೂಕವನ್ನಿಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 100 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಅದಕ್ಕೆ ಬೇಕಾಗುವುದು 16ರಿಂದ 20 ಅಶ್ವಶಕ್ತಿ ಮಾತ್ರ. ಅಂಥ ಕಾರುಗಳ ಎಂಜಿನ್ನು 80–90 ಅಶ್ವಶಕ್ತಿಯದಾಗಿರುವುದರಿಂದ, ಹೆದ್ದಾರಿಯಲ್ಲಿ ಕಾನೂನುಬದ್ಧ ವೇಗದಲ್ಲಿ ಹೋಗುವಾಗ ಅದರ ಬಲದ ಮುಕ್ಕಾಲು ಪಾಲು ಸುಮ್ಮನೆ ಕುಳಿತಿರುತ್ತದೆ.

ಹಾಗಾದರೆ 20 ಅಶ್ವಶಕ್ತಿಯ ಕಾರನ್ನೇ ಏಕೆ ಮಾಡಬಾರದು ಎಂಬ ಪ್ರಶ್ನೆಗೆ ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳು ಉತ್ತರ ಹೇಳುತ್ತವೆ. ನಾಲ್ಕು ಜನ ಮತ್ತು ಅವರ ಸಾಮಾನು ಸೇರಿ ಸುಮಾರು 1300 ಕಿಲೋ ತೂಗುವ ಕಾರು ನೂರು ಮೀಟರಿಗೆ ಎಂಟು ಮೀಟರಿನಂತೆ ಏರುವ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ, ನೆಲದ ಮೇಲಿನ ಓಟಕ್ಕೆ ಬೇಕಾದ ಬಲವಲ್ಲದೆ ಇಡೀ ತೂಕವನ್ನು ಮೇಲಕ್ಕೆತ್ತುವ ಬಲವನ್ನೂ ಎಂಜಿನ್ನು ಒದಗಿಸಬೇಕಾಗಿ, ಒಟ್ಟು ಬೇಡಿಕೆ 30 ಅಶ್ವಶಕ್ತಿಯ ಹತ್ತಿರಕ್ಕೆ ಹೋಗುತ್ತದೆ. ಎ.ಸಿ. ಹಾಕಿದರೆ ಇನ್ನಷ್ಟು, ತಿರುವಿನಲ್ಲಿ ನಿಧಾನಿಸಿ ಮತ್ತೆ ವೇಗ ಪಡೆಯಬೇಕಾದರೆ ಮತ್ತೂ ಹೆಚ್ಚು.

ಇದಕ್ಕಿಂತಲೂ ಹೆಚ್ಚು ಬಲವನ್ನು ಬೇಡುವುದು ಓವರ್‌ಟೇಕ್. ಎರಡೇ ಲೇನಿರುವ ರಸ್ತೆಯಲ್ಲಿ ಲಾರಿಯೊಂದರ ಹಿಂದೆ 50ರ ವೇಗದಲ್ಲಿರುವ, ಅದೇ 1300 ಕಿಲೋ ತೂಕದ ಕಾರು ಐದು ಸೆಕೆಂಡಿನಲ್ಲಿ 80ಕ್ಕೆ ಏರಬೇಕಾದರೆ, ಆ ಏರಿಕೆಯೊಂದಕ್ಕೇ 50ಕ್ಕೂ ಹೆಚ್ಚು ಅಶ್ವಶಕ್ತಿ ಬೇಕಾಗುತ್ತದೆ. ಗಾಳಿ ಮತ್ತು ಟೈರಿನ ತಡೆಯನ್ನು ಸೇರಿಸಿದರೆ ಅದು 60ನ್ನು ದಾಟುತ್ತದೆ. ಬಲವು ಅರ್ಧಕ್ಕಿಳಿದರೆ ಇದೇ ಕೆಲಸಕ್ಕೆ ಹತ್ತು ಸೆಕೆಂಡಿಗೂ ಮೇಲೆ ಹಿಡಿಯುತ್ತದೆ. ಆ ಹೆಚ್ಚುವರಿ ಐದು ಸೆಕೆಂಡಿನಲ್ಲಿ ಕಾರು ರಸ್ತೆಯ ತಪ್ಪು ಬದಿಯಲ್ಲೇ ಸುಮಾರು 90 ಮೀಟರ್ ಸಾಗಿರುತ್ತದೆ, ಎದುರಿನಿಂದ ಬರುವ ಬಸ್ಸೂ ಹೆಚ್ಚುಕಡಿಮೆ ಅಷ್ಟೇ ದೂರ ಹತ್ತಿರವಾಗಿರುತ್ತದೆ. ಹೀಗಾಗಿ ದೊಡ್ಡ ಎಂಜಿನ್ನನ್ನು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ.

ಏರಿಗೆಂದು ಕಟ್ಟಿದ ಬಲವಾದ ಎತ್ತುಗಳು ಬಯಲಿಗೆ ಬಂದಾಗ ಓಡತೊಡಗುವಂತೆ, ಹತ್ತುವುದಕ್ಕೂ ಹಿಂದಿಕ್ಕುವುದಕ್ಕೂ ಇಟ್ಟ ಈ ಬಲವೇ ನೇರ ರಸ್ತೆಯಲ್ಲಿ ವೇಗವಾಗಿ ಮಾರ್ಪಡುತ್ತದೆ. ಅದಕ್ಕೂ ಒಂದು ಕೊನೆಯಿದೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನದಷ್ಟು, ಅಂದರೆ ವೇಗ ಎರಡು ಪಟ್ಟಾದರೆ ಎಂಟು ಪಟ್ಟು, ಏರುವುದರಿಂದ, 100ರಲ್ಲಿ 16 ಅಶ್ವಶಕ್ತಿಯಿಂದ ತೃಪ್ತವಾಗಿದ್ದ ಕಾರಿಗೆ 160ರಲ್ಲಿ ಅರವತ್ತರಷ್ಟು ಬೇಕಾಗುತ್ತದೆ. ಎಂಜಿನ್ನಿನ ಬಲವೂ ಗಾಳಿಯ ಬೇಡಿಕೆಯೂ ಎಲ್ಲಿ ಸಮವಾಗುತ್ತವೆಯೋ ಅದೇ ಆ ಕಾರಿನ ಗರಿಷ್ಠ ವೇಗ. ಬಹುತೇಕ ಸಾಧಾರಣ ಕಾರುಗಳಲ್ಲಿ ಈ ಅಂಕಿಯನ್ನು ಯಾರೂ ಗುರಿಯಾಗಿಟ್ಟುಕೊಂಡು ಸಾಧಿಸಿರುವುದಿಲ್ಲ. ಬೇರೆ ಕೆಲಸಕ್ಕೆಂದು ಕೂಡಿಟ್ಟ ಬಲದ ಶೇಷವಾಗಿ ಅದು ಉಳಿದಿರುತ್ತದೆ.

ಗೇರಿನಿಂದ ಕಟ್ಟಿಹಾಕಲಾಗದೆ?

ಗೇರುಗಳ ಅನುಪಾತವನ್ನು ಬದಲಿಸಿ, ಎಂಜಿನ್ನು ತನ್ನ ಗರಿಷ್ಠ ಸುತ್ತುಗಳನ್ನು ಮುಟ್ಟಿದಾಗಲೂ ಕಾರು 100ನ್ನು ದಾಟದಂತೆ ಮಾಡುವುದು ಸಾಧ್ಯವಿದೆ. ಆದರೆ ಹಾಗೆ ಮಾಡಿದರೆ ಹೆದ್ದಾರಿಯ ಸಾಮಾನ್ಯ ವೇಗದಲ್ಲಿ ಎಂಜಿನ್ನು ನಿಮಿಷಕ್ಕೆ ಸುಮಾರು 6000 ಸುತ್ತು ತಿರುಗುತ್ತ ಅರಚಬೇಕಾಗುತ್ತದೆ. ಈಗಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಐದನೆಯ ಗೇರಿನಲ್ಲಿ 100ರ ವೇಗಕ್ಕೆ 2500–3000 ಸುತ್ತು ಸಾಕಾಗುತ್ತದೆ. ಸದ್ದು ಕಡಿಮೆಯಾಗಿರುವುದೂ, ಮೈಲೇಜ್ ಸಿಗುವುದೂ, ಎಂಜಿನ್ನು ಲಕ್ಷಾಂತರ ಕಿಲೋಮೀಟರ್ ಬಾಳುವುದೂ ಈ ನಿಧಾನದ ತಿರುಗಾಟದಿಂದಲೇ. ಗೇರಿನಿಂದ ವೇಗವನ್ನು ಕಟ್ಟಿಹಾಕುವುದೆಂದರೆ ಇವಿಷ್ಟನ್ನೂ ಕಳೆದುಕೊಳ್ಳುವುದು ಎಂದೇ ಅರ್ಥ.

ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ತಂತಿಯೊಂದೇ ಇದ್ದ ಕಾಲದಲ್ಲಿ ಈ ವಾದ ಪ್ರಬಲವಾಗಿತ್ತು. ಇಂದಿನ ಕಾರಿನಲ್ಲಿ ಪೆಡಲ್ ಒತ್ತುವುದೆಂದರೆ ಗಣಕವೊಂದಕ್ಕೆ ಬೇಡಿಕೆ ಸಲ್ಲಿಸುವುದಷ್ಟೇ; ಎಷ್ಟು ಗಾಳಿ, ಎಷ್ಟು ಇಂಧನ ಎಂಬುದನ್ನು ನಿರ್ಧರಿಸುವುದು ಆ ಗಣಕ. ಎಂಜಿನ್ನು ಹಾಳಾಗುವಷ್ಟು ಜೋರಾಗಿ ತಿರುಗತೊಡಗಿದರೆ ಅದು ತಾನೇ ಇಂಧನವನ್ನು ಕಡಿತಗೊಳಿಸುತ್ತದೆ, ಟೈರುಗಳ ವೇಗಸಾಮರ್ಥ್ಯವನ್ನು ಮೀರದಂತೆ ಕೆಲವು ಕಾರುಗಳಿಗೆ ತಯಾರಕರೇ ಮಿತಿಯನ್ನು ಬರೆದಿರುತ್ತಾರೆ. ಏರಿಗೆ ಬೇಕಾದ ಬಲವನ್ನು ಹಾಗೆಯೇ ಉಳಿಸಿಕೊಂಡು ಗರಿಷ್ಠ ವೇಗವನ್ನು ಮಾತ್ರ ತಡೆಯಲು ತಂತ್ರಾಂಶದಲ್ಲಿ ಒಂದು ಅಂಕಿ ಸಾಕು.

ವಿದ್ಯುತ್ ಕಾರುಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. 2020ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ಇವಿಯ ಗರಿಷ್ಠ ವೇಗವು ಗಂಟೆಗೆ 120 ಕಿ.ಮೀ.ಗೆ ಸೀಮಿತವಾಗಿತ್ತು, ಆ ಕಾರನ್ನು ಯಾರೂ ದುರ್ಬಲವೆಂದು ಕರೆಯಲಿಲ್ಲ, ಏಕೆಂದರೆ ನಿಂತಲ್ಲಿಂದ ಚಿಮ್ಮುವುದರಲ್ಲಿ ಅದು ಅನೇಕ ಪೆಟ್ರೋಲ್ ಕಾರುಗಳನ್ನು ಮೀರಿಸುತ್ತಿತ್ತು. ಆದರೂ ಅದರ ನಂತರದ ಆವೃತ್ತಿಗಳಲ್ಲಿ ಗರಿಷ್ಠ ವೇಗವು 140ಕ್ಕೂ ಆಮೇಲೆ 150ಕ್ಕೂ ಏರಿತು, ಭಾರತದ ಯಾವ ರಸ್ತೆಯ ಫಲಕವೂ ಅದನ್ನು ಬೇಡಿರಲಿಲ್ಲ.

ಸಿನ್ಸಿನಾಟಿಯ ಮತದಾನ

ಹಾಗಾಗಿ ಎಂಜಿನ್ನನ್ನು ಬಿಟ್ಟು ಇತಿಹಾಸದತ್ತ ತಿರುಗಬೇಕಾಗುತ್ತದೆ. ಮೊದಲ ವೇಗಮಿತಿಗಳು ಹುಟ್ಟಿದಾಗ ಈ ಪ್ರಶ್ನೆಯೇ ಬೇರೆ ರೂಪದಲ್ಲಿತ್ತು. ಬ್ರಿಟನ್ನಿನ 1865ರ ಕಾಯ್ದೆಯು ಉಗಿಬಂಡಿಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿ ಎಂದು ವಿಧಿಸಿದ್ದಲ್ಲದೆ, ಬಂಡಿಯ ಮುಂದೆ ಕೆಂಪು ಬಾವುಟ ಹಿಡಿದ ಮನುಷ್ಯನೊಬ್ಬ ನಡೆಯಬೇಕೆಂದೂ ಹೇಳಿತ್ತು. 1903ರಲ್ಲಿ ಮಿತಿ 20 ಮೈಲಿಗೇರಿತು. ಅದನ್ನು ಬಹುಪಾಲು ಜನ ಪಾಲಿಸುತ್ತಿರಲಿಲ್ಲವಾಗಿ 1930ರಲ್ಲಿ ಕಾರುಗಳ ಮಿತಿಯನ್ನೇ ತೆಗೆದುಹಾಕಲಾಯಿತು, ಐದು ವರ್ಷ ಕಳೆದು 1935ರಲ್ಲಿ ಜನವಸತಿಯ ಪ್ರದೇಶಗಳಿಗೆ 30 ಮೈಲಿಯ ಮಿತಿಯನ್ನು ಮತ್ತೆ ತರಲಾಯಿತು. ಈ ಹೊಯ್ದಾಟದ ಉದ್ದಕ್ಕೂ ಕಾನೂನು ಮಾತನಾಡಿದ್ದು ಚಾಲಕನೊಂದಿಗೆ, ಯಂತ್ರದೊಂದಿಗಲ್ಲ.

ಯಂತ್ರವನ್ನೇ ಕಟ್ಟಿಹಾಕಬೇಕೆಂಬ ಗಂಭೀರ ಪ್ರಯತ್ನ ನಡೆದದ್ದು 1923ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿ. ಬೀದಿಗಳಲ್ಲಿ ಮಕ್ಕಳೂ ಪಾದಚಾರಿಗಳೂ ಸಾಯುತ್ತಿದ್ದುದನ್ನು ಕಂಡು ರೊಚ್ಚಿಗೆದ್ದ ನಾಗರಿಕರು, ನಗರದ ಪ್ರತಿಯೊಂದು ಕಾರಿಗೂ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಮೀರದಂತೆ ತಡೆಯುವ ಉಪಕರಣವನ್ನು ಅಳವಡಿಸಬೇಕೆಂದು 42,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಸಲ್ಲಿಸಿದರು. ಪ್ರಸ್ತಾಪವು ಜನಮತಕ್ಕೆ ಹೋಯಿತು. ಕಾರು ಮಾರಾಟಗಾರರೂ ಮೋಟಾರು ಸಂಘಗಳೂ ಒಗ್ಗೂಡಿ ಭಾರೀ ಪ್ರಚಾರ ನಡೆಸಿದ್ದರ ಫಲವಾಗಿ ಆ ವರ್ಷದ ನವೆಂಬರ್‌ನಲ್ಲಿ ಅದು ದೊಡ್ಡ ಅಂತರದಿಂದ ಸೋತಿತು.

ಅಮೆರಿಕದ ಬೀದಿಗಳ ಚರಿತ್ರೆಯನ್ನು ಬರೆದ ಪೀಟರ್ ನಾರ್ಟನ್ ಈ ಸೋಲನ್ನು ಒಂದು ತಿರುವೆಂದು ಗುರುತಿಸುತ್ತಾರೆ. ವೇಗವೇ ಅಪಾಯವೆಂದು ಜನ ಒಪ್ಪಿಬಿಟ್ಟರೆ ಕಾರಿನ ಮುಖ್ಯ ಆಕರ್ಷಣೆಯೇ ಹೋಗುತ್ತದೆಂಬುದು ಉದ್ಯಮಕ್ಕೆ ಅರಿವಾದದ್ದು ಆಗ. ಅಲ್ಲಿಂದ ಮುಂದೆ ತಪ್ಪನ್ನು ಅಜಾಗರೂಕ ಚಾಲಕನ ಮೇಲೂ, ರಸ್ತೆಗೆ ಅಡ್ಡ ಬರುವ ಪಾದಚಾರಿಯ ಮೇಲೂ ಹೊರಿಸುವ ಪ್ರಚಾರ ಬಲಗೊಂಡಿತು. ಕಾರು ತಟಸ್ಥ ವಸ್ತು, ತಪ್ಪೇನಿದ್ದರೂ ಅದನ್ನು ಓಡಿಸುವವನದು ಎಂಬ ತಿಳಿವಳಿಕೆಯು ಇಂದು ಜಗತ್ತಿನೆಲ್ಲೆಡೆ ಸಹಜವೆಂಬಂತೆ ಕಾಣುತ್ತದೆ. ಅದು ಸಹಜವಾಗಿ ಹುಟ್ಟಿದ್ದಲ್ಲ.

ಮೀಟರಿಗೆ ಕಡಿವಾಣ

ಇದೇ ತಿಳಿವಳಿಕೆಯ ಒಂದು ಹಾಸ್ಯಾಸ್ಪದ ಪ್ರಸಂಗವೂ ಅಮೆರಿಕದ್ದೇ. ತೈಲ ಬಿಕ್ಕಟ್ಟಿನ ನಡುವೆ 1974ರಲ್ಲಿ ಅಲ್ಲಿನ ಸರ್ಕಾರವು ಇಂಧನ ಉಳಿಸಲೆಂದು ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿಯನ್ನು ತಂದಿತು. 1979ರಲ್ಲಿ ಇನ್ನೊಂದು ನಿಯಮವು ಹೊಸ ಕಾರುಗಳ ಸ್ಪೀಡೋಮೀಟರಿನಲ್ಲಿ 85 ಮೈಲಿಗಿಂತ ಹೆಚ್ಚಿನ ಅಂಕಿಗಳು ಇರಕೂಡದೆಂದು ಹೇಳಿತು. ಕಾರು ಹಿಂದಿನಂತೆಯೇ 100 ಮೈಲಿಯನ್ನು ದಾಟಬಲ್ಲದಾಗಿತ್ತು. ದಾಟಿದಾಗ ಎಷ್ಟು ವೇಗವೆಂದು ಚಾಲಕನಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಆ ನಿಯಮವನ್ನು ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಳ್ಳಲಾಯಿತು.

ತಯಾರಕರೇ ಒಪ್ಪಂದಕ್ಕೆ ಬಂದ ಉದಾಹರಣೆಗಳೂ ಇವೆ, ಆದರೆ ಅವರು ಹಾಕಿಕೊಂಡ ಗೆರೆಗಳು ರಸ್ತೆಯ ಮಿತಿಯಿಂದ ಬಲು ದೂರದಲ್ಲಿರುತ್ತವೆ. ಜಪಾನಿನಲ್ಲಿ ಎಕ್ಸ್‌ಪ್ರೆಸ್‌ವೇಗಳ ಮಿತಿಯು ದಶಕಗಳ ಕಾಲ 100 ಕಿ.ಮೀ. ಇದ್ದಾಗ ಅಲ್ಲಿನ ಕಂಪನಿಗಳು ಸ್ವದೇಶದಲ್ಲಿ ಮಾರುವ ಕಾರುಗಳನ್ನು 180ಕ್ಕೆ ನಿಲ್ಲಿಸಿದವು. ಜರ್ಮನಿಯಲ್ಲಿ ಆಟೋಬಾನ್ ಹೆದ್ದಾರಿಗಳ ಗಣನೀಯ ಭಾಗಕ್ಕೆ ಕಡ್ಡಾಯ ಮಿತಿಯೇ ಇಲ್ಲ, 130 ಎಂಬ ಸಲಹೆ ಮಾತ್ರ ಇದೆ. ಅಲ್ಲಿನ ದೊಡ್ಡ ಕಂಪನಿಗಳು 1980ರ ದಶಕದ ಕೊನೆಯಲ್ಲಿ 250 ಕಿ.ಮೀ.ಯನ್ನು ಎಲ್ಲೆಯಾಗಿ ಇಟ್ಟುಕೊಂಡವು. ಜಗತ್ತಿನ ಬಹುತೇಕ ದೇಶಗಳಲ್ಲಿ ಮಾರಾಟವಾಗುವ ಮಾದರಿಗಳು ಹಲವು ಮಾರುಕಟ್ಟೆಗಳಿಗೆ ಒಂದೇ ಅಚ್ಚಿನಲ್ಲಿ ತಯಾರಾಗುವುದರಿಂದ, ಮಿತಿಯಿಲ್ಲದ ಒಂದು ದೇಶದ ರಸ್ತೆಗಳು ಉಳಿದವರ ಕಾರುಗಳನ್ನೂ ಸ್ವಲ್ಪಮಟ್ಟಿಗೆ ರೂಪಿಸುತ್ತವೆ. ವೋಲ್ವೊ ಕಂಪನಿಯು 2020ರಲ್ಲಿ ತನ್ನ ಹೊಸ ಕಾರುಗಳಿಗೆಲ್ಲ 180ರ ಎಲ್ಲೆಯನ್ನು ಹಾಕಿದಾಗ ಅದು ಸುದ್ದಿಯಾಯಿತು. 180 ಎಂಬುದು ಕೂಡ ಬಹುತೇಕ ದೇಶಗಳ ಕಾನೂನಿಗಿಂತ ಬಹಳ ಮೇಲಿದೆ ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಹಳದಿ ಬೋರ್ಡಿಗೆ ಒಂದು ನ್ಯಾಯ

ಭಾರತದ ಸ್ಥಿತಿ ಇವೆಲ್ಲಕ್ಕಿಂತ ಕುತೂಹಲಕರ, ಏಕೆಂದರೆ ವಾಹನದಲ್ಲೇ ವೇಗವನ್ನು ತಡೆಯುವ ತತ್ತ್ವವನ್ನು ಇಲ್ಲಿನ ಕಾನೂನು ಈಗಾಗಲೇ ಒಪ್ಪಿಕೊಂಡಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಾರಿಗೆ ವಾಹನಗಳಿಗೆ 80 ಕಿ.ಮೀ.ಗೆ ಹೊಂದಿಸಿದ ಸ್ಪೀಡ್ ಗವರ್ನರ್ ಕಡ್ಡಾಯವಾಯಿತು. ಶಾಲಾ ಬಸ್, ಟ್ಯಾಂಕರ್, ಡಂಪರುಗಳಿಗೆ ಅದು 60. ಸಣ್ಣ ಟ್ಯಾಕ್ಸಿಗಳಿಗೆ ಮೊದಲು ವಿನಾಯಿತಿಯಿತ್ತಾದರೂ ಬಳಿಕ ಅವನ್ನೂ ಇದರೊಳಗೆ ತರಲಾಯಿತು. ಪರವಾನಗಿಯೇ ಬೇಕಿಲ್ಲದ ಸಣ್ಣ ವಿದ್ಯುತ್ ಸ್ಕೂಟರುಗಳು 25 ಕಿ.ಮೀ. ದಾಟುವಂತಿಲ್ಲ. ಆದರೆ ಸ್ವಂತ ಬಳಕೆಯ ಕಾರು ಈ ಬಲೆಯಿಂದ ಹೊರಗಿದೆ.

ಬಾಡಿಗೆಗೆ ಓಡಿಸುವವನನ್ನು ಯಂತ್ರದಿಂದಲೂ ಮಾಲೀಕನನ್ನು ಮನಸ್ಸಾಕ್ಷಿಯಿಂದಲೂ ನಿಯಂತ್ರಿಸಬಹುದೆಂಬ ಈ ಭೇದಕ್ಕೆ ತಾಂತ್ರಿಕ ಸಮರ್ಥನೆಯೇನೂ ಇಲ್ಲ. ಗವರ್ನರಿನ ಅನುಭವವು ಅದರ ದೌರ್ಬಲ್ಯವನ್ನೂ ತೋರಿಸಿದೆ ಎಂಬುದನ್ನು ಹೇಳಲೇಬೇಕು: ಹೊರಗಿನಿಂದ ಜೋಡಿಸಿದ ಉಪಕರಣವು ಅರ್ಹತಾ ಪ್ರಮಾಣಪತ್ರ (ಎಫ್‌ಸಿ) ಮಾಡಿಸುವ ದಿನ ಕೆಲಸ ಮಾಡಿ ಮರುದಿನ ಕಳಚಿಕೊಳ್ಳುವುದು ಸಾರಿಗೆ ವಲಯದಲ್ಲಿ ಗುಟ್ಟಿನ ಸಂಗತಿಯಲ್ಲ, ಆದರೆ ಕಾರ್ಖಾನೆಯಲ್ಲೇ ಎಂಜಿನ್ನಿನ ಗಣಕದೊಳಗೆ ಬರೆದ ಮಿತಿಯನ್ನು ಅಷ್ಟು ಸುಲಭವಾಗಿ ಅಳಿಸಲಾಗದು.

ಖಾಸಗಿ ಕಾರುಗಳ ವಿಷಯದಲ್ಲಿ ಭಾರತವು ಆರಿಸಿಕೊಂಡದ್ದು ಎಚ್ಚರಿಕೆಯ ದನಿಯನ್ನು. 2019ರ ಜುಲೈ 1ರಿಂದ ತಯಾರಾದ ಕಾರುಗಳು 80 ದಾಟಿದಾಗ ಆಗಾಗ ಬೀಪ್ ಎನ್ನುತ್ತವೆ, 120 ದಾಟಿದಾಗ ಎಡೆಬಿಡದೆ ಕೂಗುತ್ತವೆ. ಈ ದನಿಗೆ ರಸ್ತೆಯ ಅರಿವಿಲ್ಲ: 100ರ ಮಿತಿಯಿರುವ ಹೆದ್ದಾರಿಯಲ್ಲಿ ಕಾನೂನಿಗೆ ತಲೆಬಾಗಿ 90ರಲ್ಲಿ ಹೋಗುವವನ ಕಿವಿಯಲ್ಲಿ ಅದು ಗುನುಗುತ್ತದೆ, ಶಾಲೆಯ ಮುಂದೆ 70ರಲ್ಲಿ ನುಗ್ಗುವವನ ಕಾರಿನಲ್ಲಿ ಅದು ಮೌನವಾಗಿರುತ್ತದೆ.

ಮದ್ರಾಸ್ ಹೈಕೋರ್ಟ್ 2021ರಲ್ಲಿ ಮೇಲೆ ಹೇಳಿದ 2018ರ ಅಧಿಸೂಚನೆಯನ್ನು ರದ್ದುಪಡಿಸಿದಾಗ ಎತ್ತಿದ ಪ್ರಶ್ನೆ ಕಾರಿನ ಸಾಮರ್ಥ್ಯಕ್ಕೂ ಕಾನೂನಿನ ಮಿತಿಗೂ ನಡುವಿನ ಈ ಅಂತರಕ್ಕೆ ಹತ್ತಿರವಾದದ್ದು. ಎಂಜಿನ್ ತಂತ್ರಜ್ಞಾನ ಮತ್ತು ರಸ್ತೆಗಳು ಸುಧಾರಿಸಿವೆ ಎಂಬುದು ಮಿತಿಯನ್ನು ಏರಿಸಲು ಸರ್ಕಾರ ಕೊಟ್ಟ ಕಾರಣವಾಗಿತ್ತು. ವೇಗವೇ ಸಾವಿಗೆ ಮುಖ್ಯ ಕಾರಣವೆಂದು ಗೊತ್ತಿರುವಾಗ ಆ ವಾದವನ್ನು ನ್ಯಾಯಪೀಠವು ಒಪ್ಪಲಿಲ್ಲ. ಕಾರು ಓಡಬಲ್ಲದು ಎಂಬುದೇ ಓಡಲು ಬಿಡುವುದಕ್ಕೆ ಸಮರ್ಥನೆಯಾಗತೊಡಗಿದ್ದನ್ನು ಆ ಪ್ರಕರಣ ಹೊರಗೆಡಹಿತು. ಕರ್ನಾಟಕದ ಪೊಲೀಸರು 2024ರ ಆಗಸ್ಟ್‌ನಿಂದ 130 ಕಿ.ಮೀ. ಮೀರಿದ ಚಾಲಕರ ಮೇಲೆ ಬರಿಯ ದಂಡದ ಬದಲು ಎಫ್‌ಐಆರ್ ದಾಖಲಿಸುವ ಕ್ರಮವನ್ನು ಕೈಗೊಂಡದ್ದು ಚಾಲಕನನ್ನೇ ಹಿಡಿಯುವ ಹಳೆಯ ದಾರಿಯ ಕಠಿಣ ರೂಪ.

64ಕ್ಕೆ ಪರೀಕ್ಷೆ, 160ಕ್ಕೆ ಓಟ

ಕಾರುಗಳ ಸುರಕ್ಷತೆಗೆ ನಕ್ಷತ್ರಗಳನ್ನು ಕೊಡುವ ಭಾರತ್ ಎನ್‌ಕ್ಯಾಪ್ ಯೋಜನೆಯು 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದರ ಮುಂಭಾಗದ ಡಿಕ್ಕಿ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಅಡೆತಡೆಗೆ ಗುದ್ದಿಸಲಾಗುತ್ತದೆ. ಐದು ನಕ್ಷತ್ರಗಳನ್ನು ಪಡೆದ ಕಾರು ಆ ವೇಗದಲ್ಲಿ ಒಳಗಿನವರನ್ನು ಚೆನ್ನಾಗಿ ಕಾಪಾಡುತ್ತದೆ ಎಂಬುದಷ್ಟೇ ಆ ನಕ್ಷತ್ರಗಳ ಅರ್ಥ. ಡಿಕ್ಕಿಯ ಹೊಡೆತವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 128ರಲ್ಲಿ ಅದು ಪರೀಕ್ಷೆಯ ನಾಲ್ಕು ಪಟ್ಟಾಗುತ್ತದೆ, 160ರಲ್ಲಿ ಆರು ಪಟ್ಟನ್ನೂ ದಾಟುತ್ತದೆ. ಜಾಹೀರಾತಿನಲ್ಲಿ ನಕ್ಷತ್ರಗಳೂ ಅಶ್ವಶಕ್ತಿಯೂ ಅಕ್ಕಪಕ್ಕದಲ್ಲೇ ಹೊಳೆಯುತ್ತಿದ್ದರೂ, ಒಂದು ನಿಲ್ಲುವ ಜಾಗದಿಂದ ಇನ್ನೊಂದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕೊಳ್ಳುವವರು ಗಮನಿಸುವುದು ಅಪರೂಪ.

ಬ್ರಿಟನ್ನಿನ ಹೈವೇ ಕೋಡ್ ಕೊಡುವ ಲೆಕ್ಕದಂತೆ, ಗಂಟೆಗೆ 48 ಕಿ.ಮೀ. ವೇಗದ ಕಾರು ನಿಲ್ಲಲು 23 ಮೀಟರ್ ಸಾಕಾದರೆ 112 ಕಿ.ಮೀ. ವೇಗದ ಕಾರಿಗೆ 96 ಮೀಟರ್ ಬೇಕು. ಸರಾಸರಿ ವೇಗವು ಶೇ 1ರಷ್ಟು ಏರಿದರೆ ಮಾರಣಾಂತಿಕ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವುಗಳಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ದಾಖಲಿಸಿದೆ. ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು: ಅತಿವೇಗವೆಂದರೆ 150ರಲ್ಲಿ ಹಾರುವುದೆಂದೇ ಅರ್ಥವಲ್ಲ, ದೀಪವಿಲ್ಲದ ಹಳ್ಳಿಯ ತಿರುವಿನಲ್ಲಿ 60 ಕೂಡ ಅತಿವೇಗವೇ.

ಎಲ್ಲ ಕಾರುಗಳಿಗೂ 120ರ ಬೀಗ ಹಾಕುವುದರಿಂದ ಪೂರ್ತಿ ಪರಿಹಾರ ಸಿಗಲಾರದು ಎಂಬ ಆಕ್ಷೇಪಕ್ಕೆ ಬಲ ಬರುವುದು ಇಲ್ಲಿಂದಲೇ. ಆ ಬೀಗವು ಹೆದ್ದಾರಿಯ ಹುಚ್ಚಾಟವನ್ನು ತಡೆಯುತ್ತದೆ, ಆದರೆ 30 ಇರಬೇಕಾದಲ್ಲಿ 60ರಲ್ಲಿ ಹೋಗುವವನನ್ನು ಮುಟ್ಟುವುದಿಲ್ಲ. ಅಪಾಯದಿಂದ ಪಾರಾಗಲು ಹೆಚ್ಚುವರಿ ವೇಗ ಬೇಕೆಂಬ ಇನ್ನೊಂದು ವಾದವು ಮಾತ್ರ ಇಷ್ಟು ಗಟ್ಟಿಯಲ್ಲ. ಓವರ್‌ಟೇಕ್ ಮಾಡುವಾಗ 70ರಿಂದ 90ಕ್ಕೆ ಚಿಮ್ಮಬೇಕಾಗಬಹುದು, ಆದರೆ 160ಕ್ಕೆ ಏರಿ ತಪ್ಪಿಸಿಕೊಳ್ಳಬೇಕಾದ ಅಪಾಯವನ್ನು ಊಹಿಸುವುದೇ ಕಷ್ಟ.

ಯುರೋಪಿನ ನಡುದಾರಿ

ಜಾಗಕ್ಕೆ ತಕ್ಕಂತೆ ಬದಲಾಗುವ ಮಿತಿಯನ್ನು ಕಾರಿಗೇ ತಿಳಿಸುವ ಪ್ರಯತ್ನವನ್ನು ಐರೋಪ್ಯ ಒಕ್ಕೂಟವು ಕಾನೂನಾಗಿಸಿದೆ. ಕ್ಯಾಮೆರಾದಿಂದ ಫಲಕಗಳನ್ನು ಓದಿ, ಉಪಗ್ರಹದ ನೆರವಿನಿಂದ ನಕ್ಷೆಯಲ್ಲಿ ತಾನೆಲ್ಲಿದ್ದೇನೆಂದು ತಿಳಿದು, ಮಿತಿ ಮೀರಿದಾಗ ಚಾಲಕನಿಗೆ ಸದ್ದಿನಿಂದಲೋ ಪೆಡಲಿನ ಕಂಪನದಿಂದಲೋ ತಿಳಿಸುವ, ಇಲ್ಲವೇ ವೇಗವನ್ನೇ ಮೆಲ್ಲನೆ ತಗ್ಗಿಸುವ ವ್ಯವಸ್ಥೆಯು ಅಲ್ಲಿ 2022ರ ಜುಲೈಯಿಂದ ಹೊಸ ಮಾದರಿಗಳಿಗೂ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದೆ. ಚಾಲಕ ಪೆಡಲನ್ನು ಗಟ್ಟಿಯಾಗಿ ಒತ್ತಿ ಅದನ್ನು ಮೀರಬಹುದು, ಬೇಕೆಂದರೆ ಆರಿಸಲೂಬಹುದು. ಕಾರನ್ನು ಮತ್ತೆ ಚಾಲೂ ಮಾಡಿದಾಗ ಅದು ತಾನಾಗಿ ಎಚ್ಚರಗೊಳ್ಳುತ್ತದೆ. ಇದಕ್ಕಿಂತ ಸೌಮ್ಯವಾದ, ಮಿತಿಗಿಂತ 10 ಮೈಲಿ ಹೆಚ್ಚಾದಾಗ ಒಮ್ಮೆ ಎಚ್ಚರಿಸಿ ಸುಮ್ಮನಾಗುವ ವ್ಯವಸ್ಥೆಯ ಮಸೂದೆಯನ್ನು ಕ್ಯಾಲಿಫೋರ್ನಿಯದ ಶಾಸನಸಭೆ ಒಪ್ಪಿತಾದರೂ 2024ರಲ್ಲಿ ಅಲ್ಲಿನ ರಾಜ್ಯಪಾಲರು ಅದಕ್ಕೆ ಸಹಿ ಹಾಕಲಿಲ್ಲ.

ಇಂಥ ವ್ಯವಸ್ಥೆಗೆ ಎರಡು ಸಂಗತಿಗಳು ಆಧಾರ: ಓದಲು ಬರುವ ಫಲಕಗಳು ಮತ್ತು ಪ್ರತಿ ರಸ್ತೆಯ ಮಿತಿಯನ್ನು ನಂಬಿಕೆಗೆ ಅರ್ಹವಾಗಿ ಹೇಳುವ ನಕ್ಷೆ. ಮರದ ಕೊಂಬೆಯ ಹಿಂದೆಯೋ ಚುನಾವಣೆಯ ಭಿತ್ತಿಪತ್ರದ ಕೆಳಗೋ ಅಡಗಿದ ಫಲಕವನ್ನು ಯಾವ ಕ್ಯಾಮೆರಾವೂ ಓದಲಾರದಾದ್ದರಿಂದ, ಭಾರತದಲ್ಲಿ ಕಾರಿಗೆ ಬುದ್ಧಿ ಕಲಿಸುವ ಕೆಲಸದ ಅರ್ಧ ಭಾಗ ಲೋಕೋಪಯೋಗಿ ಇಲಾಖೆಯ ಮೇಲೆಯೇ ಬೀಳುತ್ತದೆ. ಉಳಿದರ್ಧಕ್ಕೆ ಬೇಕಾದ ಸಾಮಗ್ರಿ ಮಾರುಕಟ್ಟೆಗೆ ಬಂದಾಗಿದೆ. 2021ರಲ್ಲಿ ಬಿಡುಗಡೆಯಾದ ಮಹೀಂದ್ರ ಎಕ್ಸ್‌ಯುವಿ 700ರ ದುಬಾರಿ ಆವೃತ್ತಿಗಳಲ್ಲಿ ಫಲಕ ಓದುವ ಕ್ಯಾಮೆರಾ ಇದೆ. ಅದು ಕಂಡುಕೊಂಡ ಮಿತಿಯನ್ನು ಚಾಲಕನ ಮುಂದಿನ ಪರದೆಯಲ್ಲಿ ತೋರಿಸುತ್ತದೆ. ತೋರಿಸಿದ ಅಂಕಿಗೂ ಪೆಡಲಿಗೂ ನಂಟು ಬೆಸೆಯಬೇಕೆಂದು ಖಾಸಗಿ ಕಾರಿಗೆ ವಿಧಿಸುವ ನಿಯಮವು ಮಾತ್ರ ಮೋಟಾರು ವಾಹನ ನಿಯಮಗಳಲ್ಲಿ ಸೇರಿಲ್ಲ.